ಕರೆಂಟಿಗೆ ಯಾವ ಗೆಡ್ಡೆ ಕರಗುತ್ತದೆ?

ಗಂಟಲ ಕ್ಯಾನ್ಸರಿಗೆ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸುವುದು ಎಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರಗಳ ಕೆಲಸ. ದಿನಕ್ಕೆ ಸಾಮಾನ್ಯವಾಗಿ 2 ಗ್ರೇ ವಿಕಿರಣ, ಕೊನೆಗೆ ಒಟ್ಟು 70 ಗ್ರೇ ಆಸುಪಾಸು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದವರು ಅಷ್ಟು ದಿನ ಅಲ್ಲೇ ಬಿಡಾರ ಹೂಡಬೇಕು. ಜತೆಗೆ ಹೋದವರ ಕೂಲಿಯೂ ತಪ್ಪುತ್ತದೆ. ಇಷ್ಟೆಲ್ಲ ಆದಮೇಲೆ ಒಬ್ಬರ ಗೆಡ್ಡೆ ಮಾಯವಾಗುತ್ತದೆ. ಅದೇ ಹಂತದ, ಅದೇ ಗಾತ್ರದ ಇನ್ನೊಬ್ಬರ ಗೆಡ್ಡೆ ವರ್ಷದೊಳಗೆ ಮರಳುತ್ತದೆ. ಯಾವುದು ಮಣಿಯುತ್ತದೆ, ಯಾವುದು ಮಣಿಯುವುದಿಲ್ಲ ಎಂದು ಮೊದಲೇ ತಿಳಿಯಬಹುದೆ? ಅಂಥ ಸುಳಿವು ಕೊಡುವ ಜೀನು, ಪ್ರೋಟೀನುಗಳೇ ಜೈವಿಕ ಸೂಚಕಗಳು.

ವಿಕಿರಣ ಜೀವಕೋಶವನ್ನು ಕೊಲ್ಲುವುದು ಮುಖ್ಯವಾಗಿ ಅದರ ಡಿಎನ್ಎಯ ಎರಡೂ ಎಳೆಗಳನ್ನು ಕತ್ತರಿಸಿ. ಈ ಏಟು ಕಾಯಂ ಆಗಲು ಆಮ್ಲಜನಕ ಬೇಕು. ಬ್ರಿಟನ್ನಿನ ಲೂಯಿ ಹೆರಾಲ್ಡ್ ಗ್ರೇ ಮತ್ತು ಸಂಗಡಿಗರು 1953ರಲ್ಲೇ ಇದರ ಮಹತ್ವವನ್ನು ಎತ್ತಿ ತೋರಿಸಿದ್ದರು. ವಿಕಿರಣದ ಅಳತೆಗೆ ಇಟ್ಟಿರುವುದು ಅವರದೇ ಹೆಸರು. ಆಮ್ಲಜನಕವಿಲ್ಲದ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಬೇಗ ಬೆಳೆದ ಗೆಡ್ಡೆಯ ಒಳಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಅಂಥ ಗೆಡ್ಡೆಯನ್ನು ಗುರುತಿಸಲು ಡೆನ್ಮಾರ್ಕಿನ ತಜ್ಞರು 15 ಜೀನುಗಳ ಪಟ್ಟಿಯನ್ನೇ ಸಿದ್ಧಪಡಿಸಿದ್ದಾರೆ.

ಆಸ್ಪತ್ರೆಯಲ್ಲಿ ನಿಜಕ್ಕೂ ನೆಲೆಯೂರಿರುವ ಸೂಚಕ ಪಿ16. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು, ಬಣ್ಣ ಹಾಕಿದಾಗ ಕೋಶಗಳು ದಟ್ಟ ಕಂದಾಗಿ ಕಂಡರೆ ಪಿ16 ಹೆಚ್ಚಿದೆ ಎಂದರ್ಥ. ನಾಲಿಗೆಯ ಬುಡ, ಟಾನ್ಸಿಲ್ ಭಾಗದ ಕ್ಯಾನ್ಸರಿನಲ್ಲಿ ಇದು ಎಚ್‌ಪಿವಿ ವೈರಾಣುವಿನ ಗುರುತು. ಅಂಥ ಕೋಶಗಳು ತುಂಡಾದ ಡಿಎನ್ಎಯನ್ನು ಜೋಡಿಸಿಕೊಳ್ಳುವುದರಲ್ಲಿ ಹಿಂದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ವೈರಾಣು ಇದ್ದವರಲ್ಲಿ ಶೇ. 82.4 ಮಂದಿ ಮೂರು ವರ್ಷದ ನಂತರವೂ ಬದುಕಿದ್ದರು, ಇಲ್ಲದವರಲ್ಲಿ ಶೇ. 57.1 ಮಾತ್ರ.

ಆದರೆ ಈ ಲೆಕ್ಕವನ್ನು ನಮ್ಮ ಕಡೆಗೆ ಹಾಗೇ ತರಲಾಗದು. ನಮ್ಮಲ್ಲಿ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ ತಂಬಾಕು, ಗುಟ್ಕಾ, ಅಡಿಕೆ. ಕೆನ್ನೆ, ವಸಡಿನಲ್ಲಿ ಹುಟ್ಟುವ ಈ ಹುಣ್ಣುಗಳ ವಿಷಯದಲ್ಲಿ ಪಿ16 ಫಲಿತಾಂಶಕ್ಕೆ ಅಷ್ಟು ಬೆಲೆಯಿಲ್ಲ. ನಮಗೆ ಬೇಕಾದ ಸೂಚಕಗಳನ್ನು ನಮ್ಮ ರೋಗಿಗಳಲ್ಲೇ ಹುಡುಕಬೇಕು.

ಅಂಥ ಕೆಲಸ ಮಣಿಪಾಲದಲ್ಲಿ ನಡೆದಿದೆ. ಒಂದೇ ಪ್ರಮಾಣದ ವಿಕಿರಣಕ್ಕೆ ಕೆಲವರ ಬಾಯಿ, ಚರ್ಮ ವಿಪರೀತ ಹುಣ್ಣಾಗುತ್ತದೆ. ಅನ್ನ ನುಂಗಲಾಗದೆ ಚಿಕಿತ್ಸೆಯೇ ನಿಲ್ಲುವುದುಂಟು. ಅಲ್ಲಿನ ಸಂಶೋಧಕರು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ರಕ್ತದ ಬಿಳಿಕಣಗಳನ್ನು ಪ್ರಯೋಗಾಲಯದಲ್ಲಿ ವಿಕಿರಣಕ್ಕೆ ಒಡ್ಡಿದರು. ಡಿಎನ್ಎ ತುಂಡಾದ ಕಡೆ ಗಾಮಾ-ಎಚ್2ಎಎಕ್ಸ್ ಎಂಬ ಪ್ರೋಟೀನು ನಿಮಿಷಗಳಲ್ಲೇ ಜಮಾಯಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಚುಕ್ಕಿಗಳಾಗಿ ಕಾಣುತ್ತದೆ. ರಿಪೇರಿ ಮುಗಿದರೆ ಚುಕ್ಕಿ ಅಳಿಯುತ್ತದೆ. ಗಂಟೆಗಳು ಕಳೆದರೂ ಹೆಚ್ಚು ಚುಕ್ಕಿ ಉಳಿದವರಲ್ಲಿ ಅಡ್ಡಪರಿಣಾಮವೂ ಹೆಚ್ಚು ಎಂಬ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಗೆಡ್ಡೆಯ ಜತೆಗೆ ರೋಗಿಯ ಮೈಯನ್ನೂ ಓದಬೇಕೆಂಬುದು ಇದರ ಪಾಠ. ಇದು ಇನ್ನೂ ನಿತ್ಯದ ಪರೀಕ್ಷೆಯಾಗಿಲ್ಲ.

ಆದ್ದರಿಂದ ‘ಜೀನ್ ಟೆಸ್ಟ್ ಮಾಡಿಸಿ, ಕರೆಂಟ್ ಹಿಡಿಯುತ್ತದೋ ಇಲ್ಲವೋ ಹೇಳುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ, ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಒಪ್ಪಬೇಡಿ. ಬಯಾಪ್ಸಿಯ ಬ್ಲಾಕ್, ಸ್ಲೈಡು, ರಿಪೋರ್ಟು ಎಲ್ಲಿವೆಯೆಂದು ತಿಳಿದಿಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದರೆ ಅವೇ ಬೇಕಾಗುತ್ತವೆ. ಹಿಮೋಗ್ಲೋಬಿನ್ ಎಷ್ಟಿದೆಯೆಂದು ಕೇಳಿ, ಕಡಿಮೆಯಿದ್ದರೆ ಏನು ಮಾಡಬೇಕೆಂದು ವೈದ್ಯರೇ ಹೇಳಲಿ. ತಂಬಾಕು, ಬೀಡಿ ಇಂದೇ ಬಿಡಿ. ಚಿಕಿತ್ಸೆಯ ನಡುವೆ ಸೇದಿದರೆ ವಿಕಿರಣದ ಫಲ ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾತ್ರೆಗೆಂದೋ ಸುಗ್ಗಿಗೆಂದೋ ನಡುವೆ ಊರಿಗೆ ಬರಬೇಡಿ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಎಳೆದಂತೆ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ.