ಒಂದು ಭಯಾನಕ ಭಾವಚಿತ್ರದ ವರ್ಣವಿಚಾರ

ಭಾವಚಿತ್ರವು ವ್ಯಕ್ತಿಯ ರೂಪವನ್ನು ಇದ್ದುದಿದ್ದಂತೆ ತೋರಿಸುತ್ತದೆಂಬ ನಂಬಿಕೆಯಿಂದ ನಮ್ಮಲ್ಲಿ ಅನೇಕರು ಅದನ್ನು ಚರಿತ್ರೆಯ ಆಧಾರವಾಗಿ ಬಳಸುತ್ತಾರೆ. ಈ ನಂಬಿಕೆಯನ್ನು ಪರೀಕ್ಷಿಸಲು, ಯೂನಿವರ್ಸಲ್ ಸಂಸ್ಥೆಯವರು 1931ರಲ್ಲಿ ತಯಾರಿಸಿದ 'ಫ್ರಾಂಕೆನ್‌ಸ್ಟೈನ್' ಚಲನಚಿತ್ರದ ಪ್ರಚಾರಕ್ಕಾಗಿ ತೆಗೆದ, ನಟ ಬೋರಿಸ್ ಕಾರ್ಲಾಫ್ ಅವರ ಭಾವಚಿತ್ರವು ಉತ್ತಮ ನಿದರ್ಶನವಾಗಿದೆ. ಚಪ್ಪಟೆಯಾದ ನೆತ್ತಿ, ಮುಂಚಾಚಿದ ಹುಬ್ಬು, ಅರೆಮುಚ್ಚಿದ ರೆಪ್ಪೆ, ಬತ್ತಿದ ಕೆನ್ನೆ, ಕತ್ತಿನ ಇಕ್ಕೆಲಗಳಲ್ಲಿ ಲೋಹದ ಕೀಲು. ಎಲ್ಲಕ್ಕೂ ಮಿಗಿಲಾಗಿ, ಹೆಣದ ಬಿಳುಪು.

ಈ ಬಿಳುಪು ನಟನ ಮುಖದ ಮೇಲೆ ಇರಲೇ ಇಲ್ಲ. ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಅಲ್ಲಿ ಬಳಿದದ್ದು ಹಸುರು ಬೆರೆತ ಬೂದುಬಣ್ಣ. ಕಪ್ಪು-ಬಿಳುಪು ಫಿಲ್ಮು ವಸ್ತುವಿನ ಬಣ್ಣವನ್ನು ಬಿಟ್ಟು, ಅದರಿಂದ ಬರುವ ಬೆಳಕಿನ ಪ್ರಮಾಣವನ್ನಷ್ಟೇ ಗ್ರಹಿಸುತ್ತದೆ. ಅದನ್ನೂ ನಮ್ಮ ಕಣ್ಣಿನ ಅಳತೆಯಂತೆ ಗ್ರಹಿಸುವುದಿಲ್ಲ. ಆದುದರಿಂದ ಆ ಹಸುರು ಚಿತ್ರದಲ್ಲಿ ಜೀವವಿಲ್ಲದ ಬಿಳುಪಾಗಿ ಮೂಡಿತು. ರೆಪ್ಪೆಯ ಭಾರವು ಮೇಣದ್ದು. ಕೆನ್ನೆಯ ಹಳ್ಳವು ನಟನು ಕಟ್ಟಿಸಿಕೊಂಡಿದ್ದ ಹಲ್ಲುಗಳನ್ನು ತೆಗೆದಿಟ್ಟುದರಿಂದ ಆದದ್ದು. ಈ ವೇಷಕ್ಕೆ ದಿನವೂ ಸುಮಾರು 4 ಗಂಟೆ ಹಿಡಿಯುತ್ತಿತ್ತು.

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟ ನೋಡಿದವರಿಗೆ, ಬಣ್ಣ ಬಳಿದು ಮನುಷ್ಯನು ರಕ್ಕಸನಾಗುವುದು ಹೊಸತಲ್ಲ. ಆದರೆ ದೊಡ್ಡಾಟದ ಬಣ್ಣವು ನೋಡುವವರ ಕಣ್ಣಿಗಾಗಿಯೇ ಬಳಿದುದು. ಅಲ್ಲಿಯ ಕೆಂಪು ಕೆಂಪಾಗಿಯೇ ಕಾಣುತ್ತದೆ. ಪಿಯರ್ಸ್ ಬಣ್ಣ ಬಳಿದದ್ದು ಯಂತ್ರದ ಕಣ್ಣಿಗಾಗಿ. ಎದುರಿಗೆ ನಿಂತು ನೋಡಿದವರಿಗೆ ಕಂಡ ಮುಖವೇ ಬೇರೆ, ಜಗತ್ತು ಕಂಡು ಬೆಚ್ಚಿದ ಮುಖವೇ ಬೇರೆ.

ಅದೇ ಫಿಲ್ಮು ಇನ್ನೊಂದು ಬಣ್ಣವನ್ನೂ ಮರೆಮಾಡಿತು. ವೇಷ ಕಳಚಿದ ಕಾರ್ಲಾಫರ ಭಾವಚಿತ್ರಗಳಲ್ಲಿ ರಷ್ಯದ ಹೆಸರುಳ್ಳ ಒಬ್ಬ ಗಂಭೀರ ಐರೋಪ್ಯ ಗೃಹಸ್ಥರು ಕಾಣುತ್ತಾರೆ. ಅವರ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ಲಂಡನ್ನಿನಲ್ಲಿ ಜನನ. ತಂದೆ ಬ್ರಿಟಿಷ್ ಇಂಡಿಯದ ಉಪ್ಪಿನ ತೆರಿಗೆಯ ಇಲಾಖೆಯಲ್ಲಿದ್ದವರು. ತಾಯಿ ಎಲೈಜಾ ಸಾರಾ ಮಿಲ್ಲರ್ಡ್ 1848ರಲ್ಲಿ ಸೂರತ್ತಿನಲ್ಲಿ ಹುಟ್ಟಿದವರು. ಸಯಾಮಿನ ಅರಮನೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ಪ್ರಸಿದ್ಧ ಅನ್ನಾ ಲಿಯೊನೋವೆನ್ಸ್ ಈ ಎಲೈಜಾರ ತಾಯಿಯ ಒಡಹುಟ್ಟಿದವರು. 1831ರಲ್ಲಿ ಅಹಮದನಗರದಲ್ಲಿ ಜನಿಸಿದವರು. ಮನೆತನದ ಮಾತೃಮೂಲದಲ್ಲಿ ಭಾರತೀಯ ರಕ್ತವಿತ್ತೆಂದು ಸಂಶೋಧಕರು ತೋರಿಸಿದ್ದಾರೆ. ಅನ್ನಾ ಮಾತ್ರ ತಾವು ವೇಲ್ಸ್ ದೇಶದಲ್ಲಿ ಹುಟ್ಟಿದವರೆಂದೇ ಹೇಳಿಕೊಂಡರು. ಕಾರ್ಲಾಫರ ಮೈಬಣ್ಣವು ಕಂದು. ಹಾಲಿವುಡ್ಡಿನವರು 1932ರ ಒಂದೇ ವರ್ಷದಲ್ಲಿ ಅವರನ್ನು ಒಂದು ಚಿತ್ರದಲ್ಲಿ ಈಜಿಪ್ತಿನವನನ್ನಾಗಿಯೂ ಮತ್ತೊಂದರಲ್ಲಿ ಚೀನೀಯನನ್ನಾಗಿಯೂ ಮಾಡಿದರು. ಹೀಗೆ ದೂರದ ದೇಶಗಳವರನ್ನೆಲ್ಲ ಒಬ್ಬನೇ ನಟನಿಗೆ ತೊಡಿಸುವುದು ಅಲ್ಲಿಯ ಉದ್ಯಮದ ಅಭ್ಯಾಸವಾಗಿತ್ತು.

ಈ ಮನೆತನದ ಸಂಬಂಧವು ನಮ್ಮ ಸೀಮೆಗೂ ತೀರ ಹೊರಗಿನದಲ್ಲ. ಕಾರ್ಲಾಫರ ಅಣ್ಣ ಫ್ರೆಡರಿಕ್ ಪ್ರ್ಯಾಟ್ ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿ. 1918ರ ಖೇಡಾ ಸತ್ಯಾಗ್ರಹದಲ್ಲಿ ಗಾಂಧೀಜಿಯವರಿಗೆ ಎದುರು ನಿಂತ ಕಮಿಷನರು ಇವರೇ. ರೋಣವೂ, 1858ರ ಬಂಡಾಯದ ತರುವಾಯ ನರಗುಂದವೂ, ಧಾರವಾಡ ಜಿಲ್ಲೆಯ ಭಾಗವಾಗಿ ಅದೇ ಪ್ರಾಂತಕ್ಕೆ ಸೇರಿದ್ದುವು. 1980ರ ಜುಲೈ ತಿಂಗಳಲ್ಲಿ ಕರದ ವಿರುದ್ಧ ರೈತರು ಎದ್ದ ನರಗುಂದದ ಓದುಗರಿಗೆ ಖೇಡಾ ರೈತರ ಮಾತು ವಿವರಿಸಿ ಹೇಳಬೇಕಾದುದಲ್ಲ.

ಇನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಊರೂರುಗಳಲ್ಲಿ ಸಂಗ್ರಹಿಸಬಹುದಾದ ಹಳೆಯ ಪಟಗಳ ವಿಷಯ. ಹಿಂದಿನ ಗಾಜಿನ ಫಲಕಗಳೂ ಫಿಲ್ಮುಗಳೂ ಬಹುಮಟ್ಟಿಗೆ ಕೆಂಪನ್ನು ಗ್ರಹಿಸುತ್ತಿರಲಿಲ್ಲ. ನೀಲಿಯನ್ನು ಮಾತ್ರ ಅತಿಯಾಗಿ ಗ್ರಹಿಸುತ್ತಿದ್ದುವು. ಕುಂಕುಮ ಕಪ್ಪಾಗುತ್ತಿತ್ತು, ಕಂದು ಮೈ ಇನ್ನಷ್ಟು ಕಪ್ಪಾಗುತ್ತಿತ್ತು. ಅದನ್ನು ಸರಿಪಡಿಸಲು ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಮುಖವನ್ನು ಬೆಳ್ಳಗೆ ಮಾಡುತ್ತಿದ್ದರು. ತಿಳಿನೀಲಿಯ ಸೀರೆ ಬಿಳಿಯದಾಗಿ ಕಾಣುತ್ತಿತ್ತು. ಅಂಥ ಪಟವೊಂದನ್ನು ನೋಡಿ, ಬಿಳಿಯ ಸೀರೆಯುಟ್ಟ ಈಕೆ ವಿಧವೆಯೆಂದು ಬರೆದಿಡುವ ಮೊದಲು, ಆ ಮನೆಯ ಹಿರಿಯರನ್ನು ಸೀರೆಯ ಬಣ್ಣ ಯಾವುದೆಂದು ಕೇಳುವುದು ಒಳ್ಳೆಯದು.