ಚರ್ಮದ ಡಾಕ್ಟರ ಬಳಿ ಹೋಗುವ ಮುನ್ನ

ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದ ಗೆಳತಿಯರನ್ನು ಕೇಳಿ ನೋಡಿ. “ಮುಖ ಎತ್ತಿ ಸರಿಯಾಗಿ ನೋಡಲೂ ಇಲ್ಲ ಕಣ್ರೀ, ಚೀಟಿ ಬರೆದು ಕಳಿಸಿಬಿಟ್ರು” ಎಂದು ಗೊಣಗುವವರು ಎಷ್ಟು ಮಂದಿ! ಗೊಣಗಿ ಸುಮ್ಮನಾದರೆ ತೊಂದರೆ ನಮಗೇ.

ನಮ್ಮ ಪಕ್ಕದ ಮನೆಯಾಕೆಗೆ ಎರಡನೆಯ ಹೆರಿಗೆಯಾದ ಮೇಲೆ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿತು. ಮದುವೆ ಮನೆಗೆ ಹೋದರೆ “ಏನಮ್ಮಾ, ಮುಖಕ್ಕೆ ಏನಾಯ್ತು?” ಎಂಬ ಪ್ರಶ್ನೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು ಹಿಡಿದು, ಬಸ್ಸು ಹತ್ತಿ ದೊಡ್ಡ ಊರಿನ ಕ್ಲಿನಿಕ್ಕಿಗೆ ಹೋದರು. ಹೊರಗೆ ಮೂರು ಗಂಟೆ ಕಾದದ್ದು, ಒಳಗೆ ಕೂತದ್ದು ಮೂರು ನಿಮಿಷ. “ಬಂಗು. ಇದನ್ನು ರಾತ್ರಿ ಹಚ್ಚಿ.” ಮಾತು ಅಷ್ಟೇ. ಎಷ್ಟು ದಿನ ಹಚ್ಚಬೇಕು, ಮತ್ತೆ ಯಾವಾಗ ಬರಬೇಕು, ಒಂದೂ ಇಲ್ಲ.

ತಿಂಗಳೊಳಗೆ ಮುಖ ತಿಳಿಯಾಯಿತು. ಸಂತೋಷದಿಂದ ಅದೇ ಚೀಟಿ ತೋರಿಸಿ ಏಳು ತಿಂಗಳು ಅದೇ ಟ್ಯೂಬು ತರಿಸಿ ಹಚ್ಚಿದರು. ಆಮೇಲೆ ನೋಡಿ, ಒಲೆಯ ಮುಂದೆ ನಿಂತರೆ ಉರಿ, ಕೆನ್ನೆಯೆಲ್ಲ ಕೆಂಪು, ಮೊಡವೆ, ಸಣ್ಣ ಕೂದಲು ಬೇರೆ. ಮತ್ತೆ ಅಲ್ಲಿಗೇ ಓಡಿದರೆ, “ಇಷ್ಟು ದಿನ ಹಚ್ಚಿ ಅಂತ ನಿಮಗೆ ಹೇಳಿದ್ದು ಯಾರು?” ಎಂದು ಗದರಿಕೆ. ನಿಲ್ಲಿಸಿ ಅಂತಲೂ ಯಾರೂ ಹೇಳಿರಲಿಲ್ಲವಲ್ಲ!

ಆದದ್ದಾದರೂ ಏನು? ಬಂಗಿಗೆ ಬರೆಯುವ ಹಲವು ಕ್ರೀಮುಗಳಲ್ಲಿ ಮೂರು ಔಷಧಿ ಸೇರಿರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನಿನಂಥ ಒಂದು ಸ್ಟಿರಾಯ್ಡ್. ಕೆಲವು ವಾರ, ವೈದ್ಯರ ಕಣ್ಣಳತೆಯಲ್ಲಿ ಬಳಸಿದರೆ ಇದು ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡಿನಿಂದ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ. ಥಟ್ಟನೆ ಬಿಟ್ಟರೂ ಉರಿ ಹೆಚ್ಚುವುದುಂಟು. ಆದ್ದರಿಂದ ಬಹಳ ದಿನದಿಂದ ಹಚ್ಚುತ್ತಿರುವವರು ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಆದರೆ ಹಳೆಯ ಚೀಟಿ ಡಬ್ಬಿಯಲ್ಲಿದ್ದರೆ ನಮ್ಮ ಕೈ ಸುಮ್ಮನಿರುತ್ತದೆಯೇ?

ಹಾಗಾದರೆ ಏನು ಮಾಡಬೇಕು?

ಹೋಗುವ ಮುಂಚೆ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಬಂಗು ಯಾವಾಗ ಬಂತು, ಇದುವರೆಗೆ ಏನೇನು ಹಚ್ಚಿದ್ದೀರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಗರ್ಭನಿರೋಧಕ ಮಾತ್ರೆಯಿಂದಲೂ ಬಂಗು ಬರುವುದುಂಟು, ನಾಚಿಕೆಪಟ್ಟು ಮುಚ್ಚಿಡಬೇಡಿ. ಬಸಿರಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಮೊದಲು ಆ ಮಾತನ್ನೇ ಹೇಳಿ.

ಎದ್ದು ಬರುವ ಮುಂಚೆ ಇಷ್ಟು ಕೇಳಿ: “ಇದರಲ್ಲಿ ಸ್ಟಿರಾಯ್ಡ್ ಇದೆಯೇ ಡಾಕ್ಟರೇ? ಎಷ್ಟು ವಾರ ಹಚ್ಚಲಿ? ಉರಿದರೆ ಏನು ಮಾಡಲಿ? ಮತ್ತೆ ಯಾವಾಗ ಬರಲಿ?” ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ದಾಕ್ಷಿಣ್ಯ ಬೇಡ. ಹಣ ಕೊಟ್ಟು ಪಡೆಯುವ ವೈದ್ಯಸೇವೆಗೂ ಗ್ರಾಹಕ ಕಾನೂನು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೌಂಟರಿನಲ್ಲಿ ಲೇಸರ್ ಪ್ಯಾಕೇಜ್ ಎಂದರೆ ಅಂದೇ ಹಣ ಕಟ್ಟಬೇಡಿ. ಲೇಸರಿನ ನಂತರವೂ ಬಂಗು ಮರಳಬಹುದು, ಒಮ್ಮೊಮ್ಮೆ ಇನ್ನೂ ಕಪ್ಪಾಗಬಹುದು.

ಮನೆಯಲ್ಲಿ ನಿಂಬೆರಸ ತಿಕ್ಕುವುದನ್ನು ಬಿಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾದೀತು. ಬಂಗಿನ ದೊಡ್ಡ ಶತ್ರು ಬಿಸಿಲು. ಬಟ್ಟೆ ಒಣಹಾಕಲು ಮಹಡಿಗೆ ಹೋಗುವಾಗಲೂ ತಲೆಯ ಮೇಲೆ ಸೆರಗಿರಲಿ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇರಲಿ. ಬಂಗು ಅಂಟುರೋಗವಲ್ಲ, ಪ್ರಾಣಕ್ಕೆ ಅಪಾಯವೂ ಇಲ್ಲ. ಆದರೆ ತಿಳಿಯಾಗಲು ತಿಂಗಳುಗಳೇ ಹಿಡಿಯುತ್ತವೆ. “ಹದಿನೈದು ದಿನದಲ್ಲಿ ಬೆಳ್ಳಗೆ” ಎನ್ನುವವರನ್ನು ನಂಬಬೇಡಿ.

ಮುಂದಿನ ಸಲ ತೋರಿಸಲು ಹೋಗುವಾಗ ಹಳೆಯ ಚೀಟಿಯ ಜೊತೆಗೆ ಖಾಲಿಯಾದ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಳ್ಳಲು ಮರೆಯಬೇಡಿ.