ಕುಲುಮೆಯಿಂದ ಹೆದ್ದಾರಿಗೆ

ಕೈಯಲ್ಲಿ ಕೌಶಲವಿದ್ದವನಿಗೆ ಮುರಿದ ವಸ್ತುವೂ ಸಂಪತ್ತೇ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳಿಂದ ಕಲಘಟಗಿಯ ಅರೆಮಲೆನಾಡಿನವರೆಗೆ ಹಬ್ಬಿರುವ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇಂತಹ ಕೌಶಲಕ್ಕೆ ಎಂದೂ ಬರವಿಲ್ಲ. ನೇಗಿಲು, ಕುಂಟೆ, ಕೂರಿಗೆಗಳನ್ನು ನೆಲದ ಗುಣವರಿತು ಮಾಡಿಕೊಡುತ್ತಿದ್ದ ಬಡಿಗ ಕಮ್ಮಾರರ ಪರಂಪರೆ ಇಲ್ಲಿಯದು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಈ ಪರಂಪರೆಗೆ ಹೊಸ ಕಾಲದ ಯಂತ್ರಜ್ಞಾನವನ್ನು ಬೆಸೆದವರು. ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನೆಡುವ ಯಂತ್ರ ಮೊದಲಾದವು ಅವರ ಕಲ್ಪನೆಯ ಫಲಗಳು. ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತುದು ಹಳ್ಳಿಯ ಕುಲುಮೆಗೆ ಸಂದ ಗೌರವವೇ ಸರಿ.

ಇಂತಹ ನಾಡಿನಲ್ಲಿ ಕುಶಲನಾದ ತರುಣನೊಬ್ಬನು ಕಾರೊಂದನ್ನು ತಾನೇ ಕಟ್ಟಬೇಕೆಂದು ಬಯಸಿದರೆ ಅಚ್ಚರಿಯೇನೂ ಇಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಮೋಟರ್ ಸೈಕಲ್ಲಿನ ಎಂಜಿನ್ ಸಿಗುತ್ತದೆ. ಕೆಟ್ಟು ನಿಂತ ರಿಕ್ಷಾದ ಗಾಲಿಗಳು ಸಿಗುತ್ತವೆ. ಅಪಘಾತದಲ್ಲಿ ಜಜ್ಜಿಹೋದ ಕಾರಿನ ಆಸನ, ದೀಪ, ಚಾಲನಚಕ್ರಗಳು ಸಿಗುತ್ತವೆ. ಕಬ್ಬಿಣದ ಕೊಳವೆಗಳನ್ನು ಬೆಸುಗೆ ಹಾಕಿ ಚೌಕಟ್ಟು ಕಟ್ಟಿ, ಇವುಗಳನ್ನೆಲ್ಲ ಜೋಡಿಸಿ, ಎಣ್ಣೆ ಹಾಕಿ ಒದ್ದರೆ ಎಂಜಿನ್ ಗುಡುಗುತ್ತದೆ, ಗಾಡಿ ಓಡುತ್ತದೆ. ಊರಿನ ಮಕ್ಕಳು ಅದರ ಹಿಂದೆ ಓಡುತ್ತಾರೆ. ಆದರೆ ಓಡುವ ಗಾಡಿಗೂ ರಸ್ತೆಯ ಮೇಲೆ ಓಡಲು ಅರ್ಹವಾದ ವಾಹನಕ್ಕೂ ನಡುವೆ ಒಂದು ದೊಡ್ಡ ಕಂದಕವಿದೆ. ಆ ಕಂದಕದ ಹೆಸರೇ ನೋಂದಣಿ.

ನೋಂದಣಿಯ ಇತಿಹಾಸ ವಾಹನದ ಇತಿಹಾಸದಷ್ಟೇ ಹಳೆಯದು. ಪ್ಯಾರಿಸ್ ನಗರದ ಪೊಲೀಸರು 1893ರಲ್ಲಿಯೇ ಮೋಟರು ವಾಹನಗಳಿಗೆ ಗುರುತಿನ ಫಲಕ ಇರಬೇಕೆಂದು ವಿಧಿಸಿದರು. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ಪ್ರತಿಯೊಂದು ಕಾರಿಗೂ ಸಂಖ್ಯೆ ಕಡ್ಡಾಯವಾಯಿತು. ಭಾರತದಲ್ಲಿ 1914ರ ಕಾಯಿದೆ, ಅನಂತರ 1939ರ ಕಾಯಿದೆ ಬಂದವು. ಇವುಗಳ ಸ್ಥಾನದಲ್ಲಿ 1988ರ ಮೋಟರು ವಾಹನಗಳ ಕಾಯಿದೆಯು 1989ರ ಜುಲೈ 1ರಿಂದ ಜಾರಿಗೆ ಬಂದಿತು. ನೋಂದಣಿಯಾಗದ ಮೋಟರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಓಡಿಸಕೂಡದು, ಓಡಿಸಲು ಬಿಡಲೂ ಕೂಡದು ಎಂಬುದು ಇದರ 39ನೆಯ ಕಲಮಿನ ಸಾರ.

ಹೊಸ ಕಾರನ್ನು ಕೊಂಡವರಿಗೆ ಈ ಕಾರ್ಯ ಕಷ್ಟವಲ್ಲ. 20ನೆಯ ನಮೂನೆಯಲ್ಲಿ ಅರ್ಜಿ, 21ನೆಯ ನಮೂನೆಯಲ್ಲಿ ಮಾರಾಟಗಾರರ ಪತ್ರ, 22ನೆಯ ನಮೂನೆಯಲ್ಲಿ ತಯಾರಕರ ಪ್ರಮಾಣಪತ್ರ, ಜೊತೆಗೆ ವಿಮೆ, ವಿಳಾಸದ ದಾಖಲೆ, ತೆರಿಗೆ: ಇಷ್ಟು ಸಿದ್ಧವಾದರೆ ನೋಂದಣಿ ಆಗುತ್ತದೆ. ಧಾರವಾಡದ ಪ್ರಾದೇಶಿಕ ಸಾರಿಗೆ ಕಚೇರಿಯಾದರೆ ಕೆ.ಎ. 25, ಹುಬ್ಬಳ್ಳಿಯದಾದರೆ ಕೆ.ಎ. 63 ಎಂದು ಆರಂಭವಾಗುವ ಸಂಖ್ಯೆ ದೊರೆಯುತ್ತದೆ. ಸ್ವಂತ ಬಳಕೆಯ ಕಾರಿಗೆ ಈ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಆದರೆ ಮನೆಯಂಗಳದಲ್ಲಿ ಕಟ್ಟಿದ ಕಾರಿಗೆ ಮಾರಿದವರು ಯಾರು? ಇದರ ಬ್ರೇಕು ಸರಿಯಾಗಿದೆಯೆಂದು, ಹೊಗೆ ಮಿತಿಯಲ್ಲಿದೆಯೆಂದು ಬರೆದುಕೊಡುವ ತಯಾರಕರು ಯಾರು? ಮೊದಲ ಹೆಜ್ಜೆಯಲ್ಲಿಯೇ ಬಿಡಿಸಲಾಗದ ಗಂಟು ಎದುರಾಗುತ್ತದೆ.

ಎರಡನೆಯ ಗಂಟು ಬಿಡಿಭಾಗಗಳದು. ಪ್ರತಿಯೊಂದು ವಾಹನದ ಎಂಜಿನ್ನಿನ ಮೇಲೆ ಒಂದು ಸಂಖ್ಯೆ, ಚಾಸಿಯ ಮೇಲೆ, ಎಂದರೆ ಅಡಿಯ ಚೌಕಟ್ಟಿನ ಮೇಲೆ, ಇನ್ನೊಂದು ಸಂಖ್ಯೆ ಕೊರೆದಿರುತ್ತದೆ. ಇವು ನೋಂದಣಿ ಪತ್ರದಲ್ಲಿ ದಾಖಲಾಗುತ್ತವೆ. ಗುಜರಿಯಲ್ಲಿ ಕೊಂಡ ಎಂಜಿನ್ ಹಿಂದೆ ಯಾರದೋ ವಾಹನದ ಹೃದಯವಾಗಿತ್ತು. ಆ ವಾಹನ ನಾಶವಾದಾಗ ಅಥವಾ ಶಾಶ್ವತವಾಗಿ ಕೆಟ್ಟಾಗ ಒಡೆಯನು ಅದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಪತ್ರವನ್ನು ಹಿಂದಿರುಗಿಸಬೇಕೆಂದು ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಅವನು ಹಾಗೆ ಮಾಡಿರದಿದ್ದರೆ ದಾಖಲೆಯಲ್ಲಿ ಆ ಎಂಜಿನ್ ಇನ್ನೂ ಅವನದೇ. ಅದು ಕಳವಿನ ಮಾಲಾಗಿದ್ದರಂತೂ ಅರಿಯದೆ ಕೊಂಡವನೂ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಹೀಗಾಗಿ ಹಳೆಯ ಬಿಡಿಭಾಗಕ್ಕೆ ಬೆಲೆಗಿಂತ ರಸೀದಿಯೇ ಮುಖ್ಯ.

ಮೂರನೆಯದು ಪರೀಕ್ಷೆ. 1989ರ ಕೇಂದ್ರ ಮೋಟರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ವಾಹನದ ಮೂಲಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಯೊಂದರಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. 1966ರಲ್ಲಿ ಸ್ಥಾಪನೆಯಾದ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಇಂತಹ ಸಂಸ್ಥೆಗಳಲ್ಲೊಂದು. ಬ್ರೇಕು, ದೀಪ, ಹೊಗೆ ಮುಂತಾದವೆಲ್ಲ ಅಲ್ಲಿ ಅಳತೆಗೆ ಒಳಪಡುತ್ತವೆ. 2017ರ ಅಕ್ಟೋಬರ್ ತಿಂಗಳಿನಿಂದ ಹೊಸ ಮಾದರಿಯ ಕಾರುಗಳಿಗೆ ಡಿಕ್ಕಿ ಪರೀಕ್ಷೆಯೂ ಕಡ್ಡಾಯವಾಗಿದೆ. ಸಾವಿರಾರು ಕಾರುಗಳನ್ನು ಮಾಡುವ ಕಾರ್ಖಾನೆಗೆ ಒಂದೆರಡನ್ನು ಗೋಡೆಗೆ ಅಪ್ಪಳಿಸುವುದು ಹೊರೆಯಲ್ಲ. ಒಂದೇ ಕಾರನ್ನು ಕಟ್ಟಿದವನು ಅದನ್ನೇ ಅಪ್ಪಳಿಸಿದರೆ ಅವನಿಗೆ ಉಳಿಯುವುದೇನು? ಒಬ್ಬನು ತನ್ನ ಬಳಕೆಗೆಂದು ಮಾಡಿದ ಒಂಟಿ ವಾಹನಕ್ಕೆ ಪ್ರತ್ಯೇಕವಾದ ಸರಳ ಮಾರ್ಗ ನಮ್ಮ ನಿಯಮಗಳಲ್ಲಿ ಇಲ್ಲ.

ಹಳೆಯ ಕಾರೊಂದರ ನೋಂದಣಿ ಪತ್ರವನ್ನೇ ಹೊಸ ಗಾಡಿಗೆ ಹೊದಿಸಬಹುದಲ್ಲವೆ ಎಂದು ಕೆಲವರು ಯೋಚಿಸುತ್ತಾರೆ. ಆ ದಾರಿಯೂ ಮುಚ್ಚಿದೆ. ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 52ನೆಯ ಕಲಮು ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸುವಂತಹ ಸಣ್ಣ ಬದಲಾವಣೆಗಳಿಗೆ ಅಡ್ಡಿಯಿಲ್ಲ. ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಮಾರ್ಪಾಡಿಗೂ, ಅನುಮೋದಿತ ಸಲಕರಣೆಯಿಂದ ಇಂಧನವನ್ನು ಬದಲಿಸುವುದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ. ಅನುಮತಿಯಿಲ್ಲದೆ ಒಡಲನ್ನೇ ಬದಲಿಸಿದರೆ ಮಾತ್ರ ದಂಡವೂ ಸೆರೆಮನೆಯೂ ಕಾದಿರುತ್ತವೆ.

ಇಷ್ಟು ಕಟ್ಟುನಿಟ್ಟು ಏಕೆ? ರಸ್ತೆ ಒಬ್ಬರ ಸ್ವತ್ತಲ್ಲ. ಹೊಲದಲ್ಲಿ ಕೂರಿಗೆ ಕೆಟ್ಟರೆ ನಷ್ಟ ಒಡೆಯನಿಗೆ. ರಸ್ತೆಯಲ್ಲಿ ಬ್ರೇಕು ಕೆಟ್ಟರೆ ಸಂಕಟ ಎದುರಿಗೆ ಬಂದವನಿಗೆ. ಸಂಜೆ ಹೊಲದಿಂದ ಚಕ್ಕಡಿಯಲ್ಲಿ ಮರಳುವ ರೈತನು ಎದುರಿಗೆ ಬರುವ ಗಾಡಿಯ ಬೆಸುಗೆಯನ್ನು ಪರೀಕ್ಷಿಸಲಾರನು; ಬೇರೊಬ್ಬರು ಪರೀಕ್ಷಿಸಿದ್ದಾರೆಂಬ ನಂಬಿಕೆಯ ಮೇಲೆಯೇ ಅವನು ನಡೆಯುತ್ತಾನೆ. ಅಪಘಾತವಾದರೆ ಇತರರಿಗೆ ಪರಿಹಾರ ಕೊಡಲು ಪ್ರತಿಯೊಂದು ವಾಹನಕ್ಕೂ ವಿಮೆ ಇರಬೇಕೆಂದು 146ನೆಯ ಕಲಮು ಹೇಳುತ್ತದೆ. ವಿಮೆಯಿಲ್ಲದ ಗಾಡಿ ದುಡಿಯುವ ಮಗನನ್ನು ಬಲಿ ತೆಗೆದುಕೊಂಡರೆ, ಆ ಮನೆಯವರು ಪರಿಹಾರಕ್ಕೆ ಗಾಡಿಯ ಒಡೆಯನ ಕೈಯನ್ನೇ ನೋಡಬೇಕು. ಆ ಕೈ ಬರಿದಾಗಿರುವುದೇ ಹೆಚ್ಚು. ಉತ್ತರ ಭಾರತದಲ್ಲಿ ನೀರೆತ್ತುವ ಎಂಜಿನ್ನನ್ನು ಬಂಡಿಗೆ ಜೋಡಿಸಿ ‘ಜುಗಾಡ್’ ಎಂಬ ಗಾಡಿಗಳನ್ನು ಓಡಿಸುವುದುಂಟು. ಅವೂ ಕಾಯಿದೆಯ ಅರ್ಥದಲ್ಲಿ ಮೋಟರು ವಾಹನಗಳೇ ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು.

ಹಾಗೆಂದು ಕೌಶಲವನ್ನು ಕಡೆಗಣಿಸುವುದು ನ್ಯಾಯವೆ? ಕರ್ನಾಟಕದ ಗಡಿಗೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಕಮ್ಮಾರರೊಬ್ಬರು ಹಳೆಯ ವಾಹನಗಳ ಭಾಗಗಳಿಂದ, ಮೋಟರ್ ಸೈಕಲ್ಲಿನಂತೆ ಒದ್ದು ಚಾಲೂ ಮಾಡುವ ಪುಟ್ಟ ಜೀಪೊಂದನ್ನು ಕಟ್ಟಿದರು. ಅದಕ್ಕೆ ತಗುಲಿದ ವೆಚ್ಚ ಸುಮಾರು 60,000 ರೂಪಾಯಿ. 2021ರ ಡಿಸೆಂಬರಿನಲ್ಲಿ ಇದನ್ನು ಕಂಡ ಉದ್ಯಮಿ ಆನಂದ್ ಮಹೀಂದ್ರ ಅವರು, ಈ ಗಾಡಿ ನಿಯಮಗಳಿಗೆ ಒಗ್ಗದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಮನಗಂಡು, ಅದಕ್ಕೆ ಬದಲಾಗಿ ಹೊಸ ಬೊಲೆರೊ ವಾಹನವನ್ನು ಕೊಡಲು ಮುಂದಾದರು; ಮರುತಿಂಗಳು ಅದನ್ನು ಕೊಟ್ಟರು. ಪ್ರತಿಭೆಗೆ ಗೌರವ ದೊರೆಯಿತು; ಆದರೆ ಆ ಪುಟ್ಟ ಜೀಪಿಗೆ ರಸ್ತೆ ದೊರೆಯಲಿಲ್ಲ. ಎಲ್ಲ ಕುಶಲಕರ್ಮಿಗಳಿಗೂ ಇಂತಹ ಉದಾರಿ ಸಿಗುವುದಿಲ್ಲ.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿರುವ ಬಗೆ ಗಮನಾರ್ಹವಾಗಿದೆ. ಬ್ರಿಟನ್ನಿನಲ್ಲಿ 1957ರಿಂದ ಲೋಟಸ್ ಸೆವೆನ್ ಎಂಬ ಕಾರನ್ನು ಬಿಡಿಭಾಗಗಳ ರೂಪದಲ್ಲಿ ಮಾರುತ್ತಿದ್ದರು. ಕೊಂಡವರು ಮನೆಯಲ್ಲಿಯೇ ಜೋಡಿಸಿಕೊಳ್ಳುತ್ತಿದ್ದರು. ಇಂದು ಅಲ್ಲಿ ಇಂತಹ ಪ್ರತಿಯೊಂದು ಒಂಟಿ ವಾಹನವನ್ನೂ ಸರಕಾರಿ ಪರೀಕ್ಷಕರು ಬಿಡಿಯಾಗಿ ತಪಾಸಣೆ ಮಾಡುತ್ತಾರೆ. ಗಾಡಿಯನ್ನು ಒಡೆಯದೆಯೇ ಬೆಸುಗೆ, ಬ್ರೇಕು, ದೀಪ, ಹೊಗೆಗಳನ್ನು ನೋಡುತ್ತಾರೆ. ತೇರ್ಗಡೆಯಾದರೆ ನೋಂದಣಿ ಮಾಡುತ್ತಾರೆ. ಹಳೆಯ ಭಾಗಗಳಿಂದ ಕಟ್ಟಿ ವಯಸ್ಸು ಗೊತ್ತುಮಾಡಲಾಗದ ವಾಹನದ ಸಂಖ್ಯೆ ‘ಕ್ಯೂ’ ಅಕ್ಷರದಿಂದ ಆರಂಭವಾಗುತ್ತದೆ. ಹೀಗೆ ಸುರಕ್ಷತೆಯೂ ಉಳಿಯುತ್ತದೆ, ಸೃಷ್ಟಿಯೂ ಬದುಕುತ್ತದೆ. ಇಂತಹ ಒಂದು ಬಾಗಿಲು ನಮ್ಮಲ್ಲಿಯೂ ತೆರೆಯುವುದು ಉಚಿತವಾದೀತು.

ಅಲ್ಲಿಯವರೆಗೆ ತರುಣರ ಕೈ ಕಟ್ಟಿಹೋಗಬೇಕಾಗಿಲ್ಲ. ಸ್ವಂತ ಹೊಲ, ತೋಟಗಳ ಮಿತಿಯಲ್ಲಿ ಪ್ರಯೋಗ ನಡೆಸಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ವಾಹನಗಳನ್ನು ಪಣಕ್ಕಿಡುವ ‘ಬಾಹಾ’ ಸ್ಪರ್ಧೆ ಭಾರತದಲ್ಲಿ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಆರಂಭವಾಯಿತು; ಅಲ್ಲಿ ಗಾಡಿ ಓಡುವುದು ಸಾರ್ವಜನಿಕ ರಸ್ತೆಯಲ್ಲಲ್ಲ, ಸ್ಪರ್ಧೆಯ ಆವರಣದಲ್ಲಿ. ದೊಡ್ಡ ಕನಸುಳ್ಳವರು ತಯಾರಕರಾಗಿ ಬೆಳೆದು ಮೂಲಮಾದರಿಯ ಪರೀಕ್ಷೆಗೂ ಅಣಿಯಾಗಬಹುದು. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ದೊಡ್ಡ ಕಾರ್ಖಾನೆಗಳ ನೆರಳಿನಾಚೆಯಲ್ಲಿಯೂ ಹೊಸ ವಾಹನ ಹುಟ್ಟಬಲ್ಲದೆಂಬುದಕ್ಕೆ ನಿದರ್ಶನ.

ಕುಲುಮೆಯ ಬೆಂಕಿ ಕಬ್ಬಿಣಕ್ಕೆ ಆಕಾರ ಕೊಡುತ್ತದೆ. ನೋಂದಣಿ ಆ ಆಕಾರಕ್ಕೆ ಹೆಸರನ್ನೂ ಹೊಣೆಯನ್ನೂ ಕೊಡುತ್ತದೆ. ತಾನು ಮಾಡಿದ ಯಂತ್ರ ಚಲಿಸುವುದನ್ನು ನೋಡಿ ಹಿಗ್ಗುವುದು ಕುಶಲಿಯ ಹಕ್ಕು. ಅದು ಬೇಕಾದಾಗ ನಿಲ್ಲುತ್ತದೆಯೆ, ದಾರಿಹೋಕನಿಗೆ ಅಪಾಯವಿಲ್ಲವೆ ಎಂದು ಪರೀಕ್ಷೆಗೆ ಒಡ್ಡುವುದು ಅವನ ಧರ್ಮ. ಆ ಪರೀಕ್ಷೆಯನ್ನು ಬಡ ಕುಶಲಕರ್ಮಿಯ ಕೈಗೂ ಎಟುಕುವಂತೆ ಮಾಡುವುದು ಸಮಾಜದ ಧರ್ಮ.